ಐಟಿಐ ಬೋಧಕರೋ, ಅಲ್ಪಾವಧಿ ಕೋರ್ಸ್‌ಗಳ ತರಬೇತುದಾರರೋ?

ಐಟಿಐಯಲ್ಲಿ ಪಾಠ ಮಾಡುವ ಆಸೆಯಿದ್ದರೆ ಸಿಐಟಿಎಸ್ (ಐಟಿಐ ಬೋಧಕರನ್ನು ತಯಾರು ಮಾಡುವ ತರಬೇತಿ) ಮಾಡಿ. ಬೆಂಗಳೂರಿನ ಎನ್‌ಎಸ್‌ಟಿಐ (ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ)ಯಂಥ ಸಂಸ್ಥೆಗಳಲ್ಲಿ ಇದು 1 ವರ್ಷದ ಕೋರ್ಸ್. ಟ್ರೇಡ್ (ಆಯ್ದುಕೊಂಡ ವೃತ್ತಿ) ಜೊತೆಗೆ ಕಲಿಸುವ ಕಲೆಯನ್ನೂ ಹೇಳಿಕೊಡುತ್ತಾರೆ, ಅದೇ ಇದರ ಜೀವಾಳ. ಪಾಠ ಯೋಜನೆ ಬರೆಯಬೇಕು. ಉದಾಹರಣೆಗೆ, ಫೈಲಿಂಗ್ (ಅರದಿಂದ ಲೋಹ ಉಜ್ಜುವುದು) ತೋರಿಸುವಾಗ ಅರ ಹಿಡಿಯುವ ರೀತಿ, ನಿಲ್ಲುವ ಭಂಗಿ ಎಲ್ಲವನ್ನೂ ಬಿಡಿಬಿಡಿಯಾಗಿ ಮಾಡಿ ತೋರಿಸಿ, ಆಮೇಲೆ ವಿದ್ಯಾರ್ಥಿಯ ಕೈಯಿಂದಲೇ ಮಾಡಿಸಬೇಕು.

ಅಲ್ಪಾವಧಿ ಕೋರ್ಸ್‌ಗಳಲ್ಲಿ ಕಲಿಸುವುದಾದರೆ ಟಿಒಟಿ (ತರಬೇತುದಾರರಿಗೇ ಕೊಡುವ ತರಬೇತಿ) ಇದೆ. ಒಂದೊಂದು ಉದ್ಯಮ ಕ್ಷೇತ್ರಕ್ಕೂ ಇರುವ ವಲಯ ಕೌಶಲ ಮಂಡಳಿಗಳು ನಡೆಸುವ ಇದು ಕೆಲವೇ ದಿನಗಳದ್ದು. ಪಿಎಂಕೆವಿವೈ (ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ)ಯಂಥ ಯೋಜನೆಗಳಲ್ಲಿ ಕಲಿಸಲು ಇದು ಬೇಕು. ಉದ್ಯಮದಲ್ಲಿ ಪಳಗಿದವರಿಗೆ ಇದು ಅನುಕೂಲ, ಆದರೆ ಪ್ರಮಾಣಪತ್ರ ನೀವು ಆರಿಸಿಕೊಂಡ ಒಂದು ಜಾಬ್ ರೋಲ್‌ಗೆ (ನಿರ್ದಿಷ್ಟ ಕೆಲಸಕ್ಕೆ) ಮಾತ್ರ. ಇಲ್ಲಿ ಅಭ್ಯರ್ಥಿಯನ್ನು ಅಳೆಯುವವರು ಹೊರಗಿನ ಮೌಲ್ಯಮಾಪಕರು; ಹಾಗಾಗಿ ಕ್ವಾಲಿಫಿಕೇಶನ್ ಪ್ಯಾಕ್‌ನ (ಆ ಕೆಲಸಕ್ಕೆ ಬೇಕಾದ ಕೌಶಲಗಳ ದಾಖಲೆಯ) ಪ್ರತಿ ಮಾನದಂಡವನ್ನೂ ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಬೇಕು.

ಅನುಭವ ಕಡಿಮೆಯಿರುವ ಹೊಸಬರಿಗೆ ನಾನು ಸಿಐಟಿಎಸ್ ಅನ್ನೇ ಹೇಳುತ್ತೇನೆ, ವರ್ಷ ಹೋದರೂ ಚಿಂತೆಯಿಲ್ಲ.