ಊರಲ್ಲಿ ಶಾಸನ ಸಿಕ್ಕರೆ ಅಲ್ಲೇ ಇಡೋದಾ, ಮ್ಯೂಸಿಯಂಗೆ ಕಳಿಸೋದಾ?

ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು (ಹೋರಾಡಿ ಮಡಿದವನ ನೆನಪಿನ ಶಾಸನದ ಕಲ್ಲು) ಸುಮಾರು ಕ್ರಿ.ಶ. 750ರದ್ದು. 2018ರಲ್ಲಿ ಸಿಕ್ಕ ಅದಕ್ಕೆ ಜನ ಊರಲ್ಲೇ ಮಂಟಪ ಕಟ್ಟಿದರು. ಟಿಕೆಟ್ ಬೇಡ, ದಾರಿಹೋಕರೂ ನಿಂತು ನೋಡಬಹುದು, ಇದು ನಮ್ಮೂರಿನದು ಅನ್ನೋ ಅಭಿಮಾನವೂ ಉಳಿಯುತ್ತದೆ.

ತೊಂದರೆ ಮಳೆ ಬಿಸಿಲಿನದ್ದಷ್ಟೇ ಅಲ್ಲ. ಯಾರೋ ಎಣ್ಣೆ ಸುರಿಯುತ್ತಾರೆ, ಇನ್ಯಾರೋ ಕುಂಕುಮ ಹಚ್ಚುತ್ತಾರೆ, ಅಕ್ಷರ ಮುಚ್ಚಿಹೋಗುತ್ತದೆ, ನೋಡನೋಡುತ್ತಲೇ ಸುತ್ತ ಗೋಡೆ ಎದ್ದು ಗುಡಿಯೇ ಆಗಿಬಿಡಬಹುದು. ಆಗ ಕಾನೂನಿನ ತಲೆನೋವು ಬೇರೆ: ರಸ್ತೆ, ಪಾರ್ಕ್‌ಗಳಲ್ಲಿ ಯಾವ ಧರ್ಮದ್ದೇ ಆಗಲಿ ಅನಧಿಕೃತ ಕಟ್ಟಡಕ್ಕೆ ಅವಕಾಶ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿದೆ.

ಹಾಸನ ಜಿಲ್ಲೆಯ ಹಲ್ಮಿಡಿಯ ದಾರಿ ಬೇರೆ. ಸುಮಾರು ಕ್ರಿ.ಶ. 450ರ ಅಲ್ಲಿನ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿರುವುದು ಪ್ರತಿಕೃತಿ. ಕಲ್ಲೇನೋ ಸೇಫ್. ಊರಿಗೆ ಬಂದವರಿಗೆ ಮಾತ್ರ ಸ್ವಲ್ಪ ನಿರಾಸೆ, ಅಲ್ವಾ?

ನನ್ನ ಕೇಳಿದರೆ, ಕಲ್ಲು ಗಟ್ಟಿಯಿದ್ದು ನೋಡಿಕೊಳ್ಳುವ ಜನ ಇದ್ದರೆ ಊರಲ್ಲೇ ಇರಲಿ, ಸುಮ್ನೆ ಸಾಗಿಸಬೇಡಿ. ಪದರು ಏಳುತ್ತಿದ್ದರೆ ಮ್ಯೂಸಿಯಂ, ಊರಿಗೊಂದು ಪ್ರತಿಕೃತಿ. ಯಾವುದೇ ಆಗಲಿ, ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ, ಕಾಗದದ ಮೇಲೆ ಅಕ್ಷರಗಳ ಅಚ್ಚು ತೆಗೆಸಿಡಿ.