ವಿಜಯಪುರದ ಝೆರಾಕ್ಸ್ ನೋಟ್ಸ್: ಅಡ್ಜೆಕ್ಟಿವ್–ಅಡ್ವರ್ಬ್ ಪಾಠ ಎಷ್ಟು ಗಟ್ಟಿ?

ವಿಜಯಪುರದಲ್ಲಿ ಕೋಚಿಂಗ್ ಕ್ಲಾಸುಗಳ ಆಸುಪಾಸಿನ ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿ ಮಾರುವ ಇಂಗ್ಲಿಷ್ ಗ್ರಾಮರ್ ನೋಟ್ಸ್ ಇದು. ವಿಮರ್ಶೆ ಅದರ ಅಡ್ಜೆಕ್ಟಿವ್ (ಗುಣವಾಚಕ)–ಅಡ್ವರ್ಬ್ (ಕ್ರಿಯಾವಿಶೇಷಣ) ಪಾಠದ್ದು ಮಾತ್ರ. ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರಿಗೆ ಕೇಂದ್ರ ಸರ್ಕಾರಿ ನೌಕರಿಯ ಪರೀಕ್ಷೆ) ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ತಪ್ಪಿಗೆ ಅರ್ಧ ಅಂಕ ಕಡಿತ. ‘ತಪ್ಪು ಹುಡುಕಿ’ ಪ್ರಶ್ನೆಗಳಲ್ಲಿ ಈ ಜೋಡಿ ಮತ್ತೆ ಮತ್ತೆ ಕಾಡುತ್ತದೆ.

ಆರಂಭವೇ ಸಡಿಲ. ಕೊನೆಗೆ ‘ಲಿ’ ಬಂದರೆ ಅಡ್ವರ್ಬ್ ಎಂದು ಚೌಕಟ್ಟು ಹಾಕಿ ಬರೆದಿದ್ದಾರೆ. ಫ್ರೆಂಡ್ಲಿ, ಲೋನ್ಲಿ, ಸಿಲ್ಲಿ ಇವೆಲ್ಲ ಅಡ್ಜೆಕ್ಟಿವ್. ಫಾಸ್ಟ್, ಹಾರ್ಡ್ ಎರಡೂ ಕೆಲಸಕ್ಕೆ ಹಾಗೇ ನಡೆಯುತ್ತವೆ. ‘ಹೀ ವರ್ಕ್ಸ್ ಹಾರ್ಡ್’ ಎಂದರೆ ಮೈಮುರಿದು ದುಡಿಯುತ್ತಾನೆ. ‘ಹೀ ಹಾರ್ಡ್ಲಿ ವರ್ಕ್ಸ್’ ಎಂದರೆ ದುಡಿಯುವುದೇ ಇಲ್ಲ ಎನ್ನುವಷ್ಟು ಉಲ್ಟಾ. ಆ ಚೌಕಟ್ಟನ್ನು ಮೊದಲು ಪೆನ್ನಿನಿಂದ ಹೊಡೆದುಹಾಕಿ.

ಬಾಣದ ಅಭ್ಯಾಸ ಮಾತ್ರ ಬಹಳ ಚಲೋ ಇದೆ. ಪದ ಯಾವುದರ ಬಗ್ಗೆ ಹೇಳುತ್ತಿದೆಯೋ ಅದರ ಕಡೆಗೆ ಬಾಣ ಎಳೆಯಬೇಕು. ಬಾಣ ನಾಮಪದಕ್ಕೋ ಸರ್ವನಾಮಕ್ಕೋ ಮುಟ್ಟಿದರೆ ಅಡ್ಜೆಕ್ಟಿವ್. ಕ್ರಿಯಾಪದ, ಅಡ್ಜೆಕ್ಟಿವ್ ಅಥವಾ ಇನ್ನೊಂದು ಅಡ್ವರ್ಬಿಗೆ ಮುಟ್ಟಿದರೆ ಅಡ್ವರ್ಬ್. ‘ಎ ಸರ್ಪ್ರೈಸಿಂಗ್ಲಿ ಹಾಟ್ ಡೇ’ಯಲ್ಲಿ ಬಾಣ ‘ಡೇ’ಗೆ ಹೋಗದೆ ‘ಹಾಟ್’ಗೆ ನಿಲ್ಲುತ್ತದೆ. ಇಂಥ ವಾಕ್ಯಗಳು ಧಾರಾಳವಾಗಿವೆ.

ದೊಡ್ಡ ಕೊರತೆ ಲುಕ್, ಟೇಸ್ಟ್, ಸ್ಮೆಲ್, ಫೀಲ್, ಸೌಂಡ್ ಕ್ರಿಯಾಪದಗಳದ್ದು. ನಮ್ಮ ಹುಡುಗರು ಎಡವುವುದೇ ಇಲ್ಲಿ. ‘ದ್ರಾಕ್ಷಿ ಸಿಹಿಯಾಗಿದೆ’ ಎನ್ನುವಾಗಿನ ‘ಆಗಿ’ ಕೇಳಿ ‘ದ ಗ್ರೇಪ್ಸ್ ಟೇಸ್ಟ್ ಸ್ವೀಟ್ಲಿ’ ಎಂದು ಬರೆದುಬಿಡುತ್ತಾರೆ. ಕ್ರಿಯಾಪದ ತೆಗೆದು ‘ಆರ್’ ಹಾಕಿ ನೋಡಿ: ‘ದ ಗ್ರೇಪ್ಸ್ ಆರ್ ಸ್ವೀಟ್’. ಅರ್ಥ ಕೂಡಿತು, ಹಾಗಾಗಿ ಸ್ವೀಟ್ ಸರಿ. ‘ಶೀ ಲುಕ್ಡ್ ಆ್ಯಂಗ್ರಿಲಿ ಅಟ್ ಹಿಮ್’ನಲ್ಲಿ ‘ವಾಸ್’ ಹಾಕಿದರೆ ವಾಕ್ಯವೇ ಮುರಿಯುತ್ತದೆ. ಅಲ್ಲಿ ನೋಟ ಒಂದು ಕ್ರಿಯೆ, ಅಡ್ವರ್ಬ್ ಬೇಕು.

ಗುಡ್–ವೆಲ್ ಬಗ್ಗೆ ಎರಡೇ ಸಾಲು ಕೊಟ್ಟಿದ್ದು ಅನ್ಯಾಯ. ನಮ್ಮ ಕಡೆ ‘ಚಲೋ ಹುಡುಗಿ’, ‘ಚಲೋ ಹಾಡ್ತಾಳ’ ಎರಡಕ್ಕೂ ಒಂದೇ ‘ಚಲೋ’ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಗುಡ್, ಎರಡನೆಯದಕ್ಕೆ ವೆಲ್.

ಉತ್ತರಗಳಿಗೆ ಕಾರಣ ಕೊಟ್ಟಿಲ್ಲ, ಬರೀ ಎ, ಬಿ, ಸಿ. ಕೇಳಲು ಮೇಷ್ಟ್ರು ಇದ್ದವರು ಅಭ್ಯಾಸಕ್ಕಾಗಿ ಕೊಳ್ಳಬಹುದು. ಮನೆಯಲ್ಲೇ ಕೂತು ಓದುವವರಿಗೆ ಇದೊಂದೇ ಸಾಲದು.