ರಿಪೀಟರ್, ಹಳೇ ರೂಟರ್, ಮೆಶ್, ವೈರು: ನಮ್ಮ ಆಫೀಸಿಗೆ ಒಗ್ಗಿದ್ದು ಯಾವುದು?

ಆಫೀಸಿನ ಹಿಂದಿನ ಕೋಣೆಗೆ ನೆಟ್ ತಲುಪಿಸಲು ಈ ನಾಲ್ಕನ್ನೂ ನೋಡಿದ್ದಾಯಿತು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರ್ ಎಳೆಸುವುದಕ್ಕೆ.

ಬಸವನಗುಡಿಯ ಹಳೇ ಮನೆಯೊಂದರ ಕೆಳಗಡೆ ನಮ್ಮ ಆಫೀಸು. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ. ಆರು ಕಂಪ್ಯೂಟರ್, ಒಂದು ಪ್ರಿಂಟರ್, ಒಂದೇ ಫೈಬರ್ ಕನೆಕ್ಷನ್. ರೂಟರ್ ಮುಂದಿನ ಕೋಣೆಯಲ್ಲಿದೆ, ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಡೇಟಾ ಇರುವ ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಗೋಡೆ. 5 ಗಿಗಾಹರ್ಟ್ಸ್ ವೈಫೈ ಮೊದಲ ಗೋಡೆಗೇ ಸೊರಗುತ್ತದೆ. 2.4 ಗಿಗಾಹರ್ಟ್ಸಿನದು ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲಾ ಅಲ್ಲೇ ಕಿಕ್ಕಿರಿದಿದೆ.

ಮೊದಲು ಅಗ್ಗ ಅಂತ, ವೈಫೈ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ತಂದೆ. ಒಂದೇ ರೇಡಿಯೋದಲ್ಲಿ ಡೇಟಾ ತಗೊಂಡು ಅದರಲ್ಲೇ ಮುಂದಕ್ಕೆ ಕಳಿಸುವುದರಿಂದ ಸ್ಪೀಡ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಎರಡೇ ವಾರಕ್ಕೆ ಬಿಚ್ಚಿಟ್ಟೆ.

ಆಮೇಲೆ ಮನೆಯಲ್ಲಿದ್ದ ಹಳೇ ರೂಟರ್. ಮುಂದಿನ ಕೋಣೆಯಿಂದ ಒಂದು ಕೇಬಲ್ ಎಳೆಸಿ, ಹಳೇ ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಲೈನ್ ಹಾಕುವ ಕಿಂಡಿ) ಚುಚ್ಚಿ, ಹಿಂದಿನ ಕೋಣೆಯ ಕಂಪ್ಯೂಟರ್‌ಗಳನ್ನೆಲ್ಲ ಅದಕ್ಕೆ ಸೇರಿಸಿದೆ. ನೆಟ್ ಚೆನ್ನಾಗಿಯೇ ಬಂತು. ಮರುದಿನ ಬೆಳಿಗ್ಗೆ ಮುಂದೆ ಕೂರುವ ಹುಡುಗಿ ಬಂದು, "ಮೇಡಂ, ನೆಟ್ ಬರ್ತಿದೆ, ಟ್ಯಾಲಿಲಿ ಕಂಪನಿ ಮಾತ್ರ ಬರ್ತಿಲ್ಲ" ಅಂದಳು. ಅವತ್ತು 18ನೇ ತಾರೀಖು. 20ಕ್ಕೆ ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಹಾಕಬೇಕು. ಕನೆಕ್ಷನ್ ಕೊಟ್ಟವರ ಹುಡುಗ ಬಂದು ಸ್ಪೀಡ್ ನೋಡಿ, "ಎಲ್ಲಾ ಸರಿಯಿದೆ" ಅಂತ ಹೊರಟುಹೋದ. ಎರಡು ದಿನ ಡೇಟಾವನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತಿರುಗಿದೆವು. ಯಾವ ಕಾಪಿ ಹೊಸದು ಅನ್ನೋದೇ ಗೊಂದಲ. ಒಬ್ಬ ಪಾರ್ಟಿಯ ಏಳು ಪರ್ಚೇಸ್ ಬಿಲ್ಲು ಎರಡೆರಡು ಸಲ ಎಂಟ್ರಿ ಆಗಿದ್ದವು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು.

20 ಕಳೆದ ಮೇಲೆ ಕೂತು, ಎರಡು ಕೋಣೆಯಲ್ಲೂ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ತೋರಿಸುವ ಐಪಿ ಕಾನ್ಫಿಗ್ ಕಮಾಂಡ್ ಕೊಟ್ಟು ನೋಡಿದೆ. ಮುಂದೆ 192.168.1.7, ಹಿಂದೆ 192.168.0.4. ಎರಡನೇ ಚುಕ್ಕಿಯ ನಂತರದ ಸಂಖ್ಯೆಯೇ ಬೇರೆ! ವ್ಯಾನ್ ಪೋರ್ಟಿಗೆ ಚುಚ್ಚಿದ್ದರಿಂದ ಹಳೇ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡು, ತನ್ನದೇ ವಿಳಾಸ ಹಂಚುತ್ತಿತ್ತು. ಒಳಗಿನವರು ಹೊರಗೆ ಹೋಗಬಹುದು, ಅದಕ್ಕೇ ನೆಟ್ ಬರುತ್ತಿತ್ತು. ಮುಂದಿನ ಕೋಣೆಯಿಂದ ಒಳಕ್ಕೆ ಮಾತ್ರ ದಾರಿಯೇ ಇರಲಿಲ್ಲ.

ಸರಿಪಡಿಸಲು ಹತ್ತು ನಿಮಿಷ ಸಾಕು. ಮೊದಲು ಕೇಬಲನ್ನು ವ್ಯಾನ್ ಪೋರ್ಟಿನಿಂದ ತೆಗೆಯಿರಿ. ಹಳೇ ರೂಟರಿನ ಸೆಟ್ಟಿಂಗಿನಲ್ಲಿ ಅದರ ವಿಳಾಸವನ್ನು 192.168.1.2 ಮಾಡಿ (ಆ ನಂಬರ್ ಬೇರೆ ಯಾವುದಕ್ಕೂ ಇರಬಾರದು), ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಆಮೇಲೆ ಕೇಬಲನ್ನು ಲ್ಯಾನ್ ಪೋರ್ಟಿಗೆ (ಕಂಪ್ಯೂಟರ್‌ಗಳನ್ನು ಸೇರಿಸುವ ಕಿಂಡಿ) ಹಾಕಿ. ಇದೇ ಕ್ರಮದಲ್ಲಿ ಮಾಡಿ. ಡಿಎಚ್‌ಸಿಪಿ ಆನ್ ಇದ್ದಾಗಲೇ ಲ್ಯಾನ್‌ಗೆ ಹಾಕಿದರೆ ಎರಡು ರೂಟರೂ ವಿಳಾಸ ಹಂಚಲು ಶುರು ಮಾಡುತ್ತವೆ, ಆಗ ಇನ್ನೂ ಕಷ್ಟ.

ಮೆಶ್ಶನ್ನು (ಒಂದೇ ವೈಫೈಯನ್ನು ಕೋಣೆಕೋಣೆಗೆ ಹರಡುವ ಡಬ್ಬಿಗಳ ಜೋಡಿ) ಅಕ್ಕನ ಮನೆಯಿಂದ ಒಂದು ವಾರಕ್ಕೆ ತಂದಿದ್ದೆ. ಮೊಬೈಲಿಗೆ ಬಹಳ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಎರಡು ಡಬ್ಬಿಗಳ ನಡುವೆ ಅದೇ ಗೋಡೆಗಳಿವೆ, ಅಲ್ವಾ? ಟ್ಯಾಲಿ ನಿಧಾನವಾಯಿತು. ಡಬ್ಬಿಗಳ ನಡುವೆ ವೈರು ಹಾಕಿದರೆ ಸರಿಹೋಗುತ್ತದೆ, ನಿಜ. ವೈರು ಎಳೆಯುವುದೇ ಆದರೆ ಅಷ್ಟು ದುಡ್ಡು ಸುಮ್ನೆ ಯಾಕೆ?

ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಎಂಟು ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ತಂದೆ. ಸ್ವಿಚ್ ಅಂದರೆ ಹಲವು ಕಂಪ್ಯೂಟರ್‌ಗಳ ಕೇಬಲನ್ನು ಒಂದೇ ನೆಟ್‌ವರ್ಕಿಗೆ ಸೇರಿಸುವ ಡಬ್ಬಿ. ಕೂಲಿ ಸೇರಿ ಐದು ಸಾವಿರದೊಳಗೆ ಮುಗಿಯಿತು. ಪಕ್ಕದಲ್ಲೇ ನಿಂತು ಕೇಬಲ್ ಒಳಗಿನ ಎಂಟೂ ತಂತಿಯನ್ನು ಪ್ಲಗ್ಗಿಗೆ ಒತ್ತಿ ಕೂರಿಸಿ (ಕ್ರಿಂಪ್) ಕೊಡಲು ಹೇಳಿ. ನಮ್ಮದೊಂದು ಲೈನಿಗೆ ನಾಲ್ಕೇ ಹಾಕಿದ್ದರು, ಅದು 100 ಎಂಬಿಪಿಎಸ್‌ಗೆ ನಿಂತಿತ್ತು. ಹಳೇ ರೂಟರ್ ಈಗ ಹಿಂದಿನ ಕೋಣೆಯ ಮೊಬೈಲುಗಳಿಗೆ ವೈಫೈ ಕೊಡುತ್ತಿದೆ. ಗೋಡೆ ಕೊರೆಯಲು ಓನರ್ ಒಪ್ಪದಿದ್ದರೆ, ಅಥವಾ ಎಲ್ಲರದೂ ಲ್ಯಾಪ್‌ಟಾಪ್ ಆದರೆ ಮೆಶ್ ತಗೊಳ್ಳಿ.

ಇನ್ನೊಂದು. ಕರೆಂಟ್ ಹೋದಾಗ ರೂಟರ್ ಯುಪಿಎಸ್ ಮೇಲೆ ನಡೆಯುತ್ತಿತ್ತು, ಸ್ವಿಚ್ ಆರಿಹೋಗುತ್ತಿತ್ತು. ರೂಟರಿನ ಚಿಕ್ಕ ಯುಪಿಎಸ್ 12 ವೋಲ್ಟಿನದು, ನಮ್ಮ ಸ್ವಿಚ್ಚಿಗೆ ಬೇಕಾದ್ದು 5 ವೋಲ್ಟ್. ಅದಕ್ಕೇ ಸ್ವಿಚ್ಚಿನ ಅಡಾಪ್ಟರನ್ನು ಟ್ಯಾಲಿ ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸಿದ್ದೇನೆ.